ಮೂರು ಮೈಲಿಯ ದಾರಿ



ಜಗತ್ತಿನಲ್ಲಿ ಹೆಣ್ಣುಮಕ್ಕಳ ವಿದ್ಯಾಭ್ಯಾಸಕ್ಕೆ ಇರುವ ಅಡ್ಡಿಗಳನ್ನು ಕುರಿತು ಹದಿನೈದು ನಿಮಿಷ ಮಾತನಾಡಬೇಕೆಂದು ಆಕಾಶವಾಣಿಯವರು ಕೇಳಿದಾಗ ನಾನು ಮೊದಲು ಒಪ್ಪಲಿಲ್ಲ. ಹಳಗನ್ನಡ ಪಾಠ ಹೇಳುತ್ತಲೇ ಆಯುಷ್ಯದ ಬಹುಭಾಗವನ್ನು ಕಳೆದವಳು ನಾನು; ಜಗತ್ತಿನ ವಿಚಾರವನ್ನು ನನಗಿಂತ ಬಲ್ಲವರು ಎಷ್ಟೋ ಮಂದಿ ಇದ್ದಾರೆ. ಆದರೆ ವಿಷಯವನ್ನು ಮನಸ್ಸಿನಲ್ಲಿಟ್ಟುಕೊಂಡು ಎರಡು ದಿನ ಓಡಾಡುತ್ತಿದ್ದಾಗ ಜಗತ್ತಿಗೆ ಬದಲಾಗಿ ಕಣ್ಣ ಮುಂದೆ ಬಂದದ್ದು ತೀರ್ಥಹಳ್ಳಿ ಸೀಮೆಯ ಒಂದು ಕಾಲುದಾರಿ. ಆ ದಾರಿಯಲ್ಲಿ ನನ್ನ ಮುಂದೆ ಕೊಡೆ ಹಿಡಿದು ನಡೆಯುತ್ತಿದ್ದ ನಮ್ಮ ಸೋದರತ್ತೆ. ಅಲ್ಲಿಂದಲೇ ಆರಂಭಿಸುತ್ತೇನೆ.

ನಮ್ಮ ಊರಿನಲ್ಲಿ ಏಳನೆಯ ತರಗತಿಯವರೆಗೆ ಮಾತ್ರ ಶಾಲೆ ಇತ್ತು. ಹೈಸ್ಕೂಲು ಮೂರು ಮೈಲಿ ದೂರ. ನಡುವೆ ಒಂದು ಹಳ್ಳ, ಮಳೆಗಾಲದಲ್ಲಿ ಅದಕ್ಕೊಂದು ಸಂಕ. ಹಳ್ಳ ದಾಟಿದರೆ ಒಂದೂವರೆ ಮೈಲಿ ಕಾಡು. 1971ರಲ್ಲಿ ನಾನು ಏಳನೆಯದನ್ನು ಮುಗಿಸಿದಾಗ ಹೆಣ್ಣುಹುಡುಗಿಗೆ ಓದು ಬೇಡವೆಂದು ಮನೆಯಲ್ಲಿ ಯಾರೂ ಹೇಳಲಿಲ್ಲ. ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: “ಜೊತೆಗೆ ಯಾರು ಹೋಗುತ್ತಾರೆ?” ಆ ಪ್ರಶ್ನೆಗೆ ಉತ್ತರವಾಗಿ ಒಳಗಿನಿಂದ ಅತ್ತೆ ಹೊರಗೆ ಬಂದು, “ನಾನು ಹೋಗ್ತೇನೆ” ಎಂದರು. ಒಂಬತ್ತನೆಯ ವರ್ಷದಲ್ಲಿ ವಿಧವೆಯಾಗಿ ತವರಿಗೆ ಮರಳಿದ ಅವರು ಶಾಲೆಯ ಮೆಟ್ಟಿಲನ್ನು ತುಳಿದವರಲ್ಲ. ಮೂರು ವರ್ಷ ಅವರು ಬೆಳಿಗ್ಗೆ ನನ್ನನ್ನು ಕರೆದುಕೊಂಡು ಹೋಗಿ, ಶಾಲೆಯ ಹತ್ತಿರದ ಪರಿಚಯದವರ ಮನೆಯ ಜಗಲಿಯಲ್ಲಿ ಹೂಬತ್ತಿ ಹೊಸೆಯುತ್ತ ಕೂತು, ಸಂಜೆ ಕರೆದುಕೊಂಡು ಬರುತ್ತಿದ್ದರು. 1974ರಲ್ಲಿ ನಾನು ಎಸ್.ಎಸ್.ಎಲ್.ಸಿ. ಪಾಸಾಗಿ ಶಿವಮೊಗ್ಗದ ಚಿಕ್ಕಪ್ಪನ ಮನೆ ಸೇರಿದೆ.

ನನಗಿಂತ ಐದು ವರ್ಷ ಚಿಕ್ಕವಳಾದ ತಂಗಿ 1976ರಲ್ಲಿ ಏಳನೆಯದನ್ನು ಮುಗಿಸಿದಳು. ನನಗಿಂತ ಹೆಚ್ಚು ಅಂಕ ತೆಗೆದಿದ್ದಳು. ಆ ವೇಳೆಗೆ ಅತ್ತೆಯ ಮೊಣಕಾಲು ಊದಿಕೊಂಡು, ಬಚ್ಚಲುಮನೆಯ ಮೆಟ್ಟಿಲು ಇಳಿಯುವುದೂ ಅವರಿಗೆ ಕಷ್ಟವಾಗಿತ್ತು. ಅಪ್ಪ ಮತ್ತೆ ಅದೇ ಪ್ರಶ್ನೆ ಕೇಳಿದರು. ಈ ಸಲ ಉತ್ತರ ಬರಲಿಲ್ಲ. ನಮ್ಮಿಬ್ಬರ ನಡುವೆ ಹುಟ್ಟಿದ ತಮ್ಮ ಅದೇ ದಾರಿಯಲ್ಲಿ ಹೈಸ್ಕೂಲಿಗೆ ಹೋಗಿಬಂದು ಮಾಡುತ್ತಿದ್ದ. ಅವನ ಜೊತೆಗೆ ಯಾರು ಎಂದು ಯಾರೂ ಕೇಳಿರಲಿಲ್ಲ. ನಾನು ಎಂ.ಎ. ಮಾಡಿ ಅಧ್ಯಾಪಕಿಯಾದೆ, ತಂಗಿ ಹದಿನೆಂಟಕ್ಕೆ ಮದುವೆಯಾಗಿ ಹೋದಳು. ಇಬ್ಬರು ಅಕ್ಕತಂಗಿಯರ ಬಾಳಿನ ನಡುವಣ ಅಂತರ ಒಬ್ಬ ಮುದುಕಿಯ ಮೊಣಕಾಲು ಎಂದು ನಾನು ಹಲವು ಸಭೆಗಳಲ್ಲಿ ಹೇಳಿದ್ದೇನೆ.

ಇನ್ನು ಜಗತ್ತಿನ ಲೆಕ್ಕ. ಯುನೆಸ್ಕೊ ಸಂಸ್ಥೆ 2023ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ ಶಾಲೆಯಲ್ಲಿರಬೇಕಾದ ವಯಸ್ಸಿನ ಸುಮಾರು 25 ಕೋಟಿ ಮಕ್ಕಳು ಶಾಲೆಯ ಹೊರಗಿದ್ದರು. ಅವರಲ್ಲಿ 12 ಕೋಟಿ 20 ಲಕ್ಷ ಹೆಣ್ಣುಮಕ್ಕಳು. ಲೆಕ್ಕ ಬಲ್ಲ ಶ್ರೋತೃಗಳು ಕೂಡಲೆ ಗಮನಿಸಿರಬಹುದು: ಇದು ಅರ್ಧಕ್ಕಿಂತ ಸ್ವಲ್ಪ ಕಡಿಮೆಯೇ. ಎಂದರೆ ಒಟ್ಟು ಜಗತ್ತನ್ನು ತೆಗೆದುಕೊಂಡರೆ ಶಾಲೆಯ ಹೊರಗಿರುವ ಹುಡುಗರು ತುಸು ಹೆಚ್ಚು. ಲ್ಯಾಟಿನ್ ಅಮೆರಿಕದ ಹಲವು ದೇಶಗಳಲ್ಲಿ ಓದನ್ನು ನಡುವೆ ಬಿಡುವವರು ಹುಡುಗರೇ. ಹಾಗಾದರೆ ಹುಡುಗಿಯರ ಪ್ರಶ್ನೆ ಮುಗಿಯಿತೆ? ಇಲ್ಲ. ಜಗತ್ತಿನ ಸರಾಸರಿ ಎಂಬುದು ಒಂದು ಕಾಲನ್ನು ಬೆಂಕಿಯಲ್ಲಿಯೂ ಇನ್ನೊಂದನ್ನು ಹಿಮದಲ್ಲಿಯೂ ಇಟ್ಟವನ ಮೈಶಾಖದ ಹಾಗೆ. ಹುಡುಗ ಶಾಲೆ ಬಿಡುವುದು ಬಹುಮಟ್ಟಿಗೆ ದುಡಿಮೆಗೆಂದು. ಹುಡುಗಿ ಬಿಡುವುದು ದುಡಿಮೆಗೆಂದೂ ಹೌದು, ಜೊತೆಗೆ ಅವಳು ಹುಡುಗಿ ಎಂಬ ಕಾರಣಕ್ಕೂ ಹೌದು. ಆ ಎರಡನೆಯ ಕಾರಣ ಜಗತ್ತಿನ ಕೆಲವು ಸೀಮೆಗಳಲ್ಲಿ, ಅದರಲ್ಲಿಯೂ ಬಾಲಕಿ ದೊಡ್ಡವಳಾಗುವ ವಯಸ್ಸಿನಲ್ಲಿ, ಒಮ್ಮೆಲೆ ಕಾಣಿಸಿಕೊಳ್ಳುತ್ತದೆ. ಓದು ಬರಹ ಬಾರದ ವಯಸ್ಕರಲ್ಲಿ ಸುಮಾರು ಮೂರನೆಯ ಎರಡು ಪಾಲು ಹೆಂಗಸರೇ ಎಂಬ ಸಂಗತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಹಿಂದಿನ ತಲೆಮಾರುಗಳಿಗೆ ಮುಚ್ಚಿದ್ದ ಬಾಗಿಲಿನ ಗುರುತು ಅದು.

ಆ ಬಾಗಿಲು ಹೇಗಿತ್ತೆಂಬುದನ್ನು ಬಂಗಾಳದ ಇಬ್ಬರು ಹೆಂಗಸರು ಬರೆದಿಟ್ಟಿದ್ದಾರೆ. ಸಾಹಿತ್ಯದ ವಿದ್ಯಾರ್ಥಿನಿಯಾದ ನನಗೆ ಅಂಕಿಅಂಶಗಳಿಗಿಂತ ಇವರ ಮಾತಿನಲ್ಲಿ ನಂಬಿಕೆ ಹೆಚ್ಚು.

ಮೊದಲನೆಯವರು ರಾಸಸುಂದರಿ ದೇವಿ. ಹತ್ತೊಂಬತ್ತನೆಯ ಶತಮಾನದ ಮೊದಲ ದಶಕದ ಸುಮಾರಿಗೆ ಹುಟ್ಟಿ, ಹನ್ನೆರಡನೆಯ ವರ್ಷಕ್ಕೆ ಮದುವೆಯಾಗಿ, ದೊಡ್ಡ ಸಂಸಾರದ ಅಡಿಗೆಮನೆಯಲ್ಲಿ ಆಯುಷ್ಯ ಸವೆಸಿದ ಗೃಹಿಣಿ. ಓದಿದ ಹೆಣ್ಣು ವಿಧವೆಯಾಗುತ್ತಾಳೆಂದು ನಂಬಿದ್ದ ಕಾಲ. ಚೈತನ್ಯ ಭಾಗವತವನ್ನು ತಾನೇ ಓದಬೇಕೆಂಬ ಒಂದೇ ಆಸೆಯಿಂದ ಅವರು ಆ ಪುಸ್ತಕದ ಒಂದು ಹಾಳೆಯನ್ನು ಕದ್ದು ತೆಗೆದುಕೊಂಡು ಅಡಿಗೆಮನೆಯಲ್ಲಿ ಬಚ್ಚಿಟ್ಟರು. ಮಗ ಅಕ್ಷರ ತಿದ್ದುತ್ತಿದ್ದ ತಾಳೆಗರಿಯೊಂದನ್ನೂ ಕದ್ದರು. ಕೆಲಸದ ನಡುವೆ ಯಾರೂ ಇಲ್ಲದ ಹೊತ್ತು ನೋಡಿ ಆ ಅಕ್ಷರಕ್ಕೂ ಈ ಅಕ್ಷರಕ್ಕೂ ಹೋಲಿಸಿ, ಬಾಲ್ಯದಲ್ಲಿ ಹುಡುಗರ ಪಾಠ ಕಿವಿಗೆ ಬಿದ್ದಿದ್ದನ್ನು ನೆನಪಿಸಿಕೊಂಡು, ತಾವೇ ಓದು ಕಲಿತರು. 1876ರಲ್ಲಿ ಅವರ ಆತ್ಮಕಥೆ ‘ಆಮಾರ್ ಜೀಬನ್’ ಪ್ರಕಟವಾಯಿತು. ಇಲ್ಲಿ ಗಮನಿಸಬೇಕಾದ್ದೆಂದರೆ ಗಂಡ ಕ್ರೂರಿಯಲ್ಲ, ಮನೆಯಲ್ಲಿ ಬಡತನವಿಲ್ಲ, ಪುಸ್ತಕ ಕೈಗೆಟುಕುವ ದೂರದಲ್ಲಿಯೇ ಇತ್ತು. ಅಡ್ಡಿಯಾಗಿದ್ದುದು ನಾಚಿಕೆ. ಕಂಡವರು ಏನೆಂದಾರು ಎಂಬ ಭಯ. ನಮ್ಮಲ್ಲಿ ಬಾಲವಿಧವೆಯಾಗಿ ಮನೆಯಲ್ಲಿಯೇ ಕಲಿತು ಲೇಖಕಿಯೂ ಪ್ರಕಾಶಕಿಯೂ ಆದ ನಂಜನಗೂಡು ತಿರುಮಲಾಂಬಾ ಅವರಿಗೆ ತಂದೆಯ ಬೆಂಬಲವಾದರೂ ಇತ್ತು.

ಎರಡನೆಯವರು ಬೇಗಂ ರೊಕೆಯಾ. 1880ರಲ್ಲಿ ರಂಗಪುರದ ಪಾಯರಾಬಂದ್ ಎಂಬ ಹಳ್ಳಿಯ ಜಮೀನ್ದಾರರ ಮನೆಯಲ್ಲಿ ಹುಟ್ಟಿದವರು. ಹೆಣ್ಣುಮಕ್ಕಳಿಗೆ ಧರ್ಮಗ್ರಂಥದ ಓದಿಗೆ ಬೇಕಾದಷ್ಟು ಕಲಿಸುತ್ತಿದ್ದರೇ ವಿನಾ ಬಂಗಾಳಿ, ಇಂಗ್ಲಿಷುಗಳು ನಿಷಿದ್ಧ. ಮನೆಯವರೆಲ್ಲ ಮಲಗಿದ ಮೇಲೆ ಅಣ್ಣ ದೀಪದ ಬೆಳಕಿನಲ್ಲಿ ಇಂಗ್ಲಿಷು ಹೇಳಿಕೊಟ್ಟ. 1905ರಲ್ಲಿ ಮದರಾಸಿನ ಪತ್ರಿಕೆಯೊಂದರಲ್ಲಿ ‘ಸುಲ್ತಾನಾಸ್ ಡ್ರೀಮ್’ ಎಂಬ ಇಂಗ್ಲಿಷ್ ಕಥೆ ಪ್ರಕಟಿಸಿದರು. ಅದರಲ್ಲಿ ಹೆಂಗಸರು ಸೂರ್ಯನ ಶಾಖವನ್ನು ಹಿಡಿದಿಟ್ಟು ರಾಜ್ಯವಾಳುತ್ತಾರೆ, ಗಂಡಸರು ಅಂತಃಪುರದಲ್ಲಿರುತ್ತಾರೆ. ಗಂಡ ತೀರಿಕೊಂಡ ಮೇಲೆ 1909ರಲ್ಲಿ ಭಾಗಲ್ಪುರದಲ್ಲಿ ಐದು ಹುಡುಗಿಯರನ್ನಿಟ್ಟುಕೊಂಡು ಶಾಲೆ ತೆರೆದರು. ಅಲ್ಲಿ ನಿಲ್ಲಲಾಗದೆ 1911ರಲ್ಲಿ ಕಲ್ಕತ್ತೆಗೆ ಬಂದು ಎಂಟು ಹುಡುಗಿಯರೊಡನೆ ಮತ್ತೆ ಆರಂಭಿಸಿದರು. ಸಖಾವತ್ ಸ್ಮಾರಕ ಶಾಲೆ ಇಂದಿಗೂ ಇದೆ.

ಅವರ ಮುಂದೆಯೂ ಬಂದದ್ದು ನಮ್ಮ ಅಪ್ಪ ಕೇಳಿದ ಪ್ರಶ್ನೆಯೇ: ಹುಡುಗಿ ಮನೆಯಿಂದ ಶಾಲೆಗೆ ಬರುವುದು ಹೇಗೆ? ಅವರು ಒಂದು ಮೋಟಾರು ಬಸ್ಸು ಮಾಡಿಸಿದರು. ಪರದೆಗೆ ಭಂಗ ಬಾರದಿರಲೆಂದು ಬಸ್ಸು ಪೆಟ್ಟಿಗೆಯಂತೆ ಮುಚ್ಚಿತ್ತು. ಗಾಳಿಗೆಂದು ಕಿರಿದಾದ ಜಾಲರಿಯಷ್ಟೆ. ಮೊದಲ ದಿನಗಳಲ್ಲೇ ಮಕ್ಕಳು ಕತ್ತಲಿಗೆ ಹೆದರಿ ಅತ್ತರು, ವಾಂತಿ ಮಾಡಿಕೊಂಡರು, ಕೆಲವರು ಮೂರ್ಛೆ ಹೋದರು. ತಾಯಂದಿರಿಂದ ದೂರು ಬಂತು. ಮುಚ್ಚುಗೆ ತೆಗೆಸಿ ಪರದೆ ಕಟ್ಟಿಸಿದರು. ಆಗ ಬೇರೆ ಕಡೆಯಿಂದ ಕಾಗದಗಳು ಬಂದವು: ಗಾಳಿಗೆ ಪರದೆ ಹಾರುತ್ತದೆ, ಹುಡುಗಿಯರು ಕಾಣಿಸುತ್ತಾರೆ, ಇದನ್ನು ಸರಿಪಡಿಸದಿದ್ದರೆ ಪತ್ರಿಕೆಗಳಲ್ಲಿ ಬರೆದು ಶಾಲೆಗೆ ಮಕ್ಕಳು ಬಾರದಂತೆ ಮಾಡುತ್ತೇವೆ ಎಂದು. ಈ ಪ್ರಸಂಗವನ್ನು ಅವರು 1931ರ ‘ಅಬರೋಧ್‌ಬಾಸಿನಿ’ ಎಂಬ ಪುಸ್ತಕದಲ್ಲಿ ಹೇಳಿಕೊಂಡಿದ್ದಾರೆ. ಮುಚ್ಚಿದರೆ ಮೂರ್ಛೆ, ತೆರೆದರೆ ಅಪವಾದ. ಪಾಠ, ಪುಸ್ತಕ, ಉಪಾಧ್ಯಾಯಿನಿ ಎಲ್ಲವೂ ಸಿದ್ಧವಿದ್ದು, ಕಷ್ಟವೆಲ್ಲ ಮನೆಬಾಗಿಲಿಗೂ ಶಾಲೆಯ ಬಾಗಿಲಿಗೂ ನಡುವಣ ಬೀದಿಯಲ್ಲಿ ಇತ್ತು. ನಮ್ಮ ಅತ್ತೆ ಕಪ್ಪು ಕೊಡೆ ಹಿಡಿದು ನಡೆದದ್ದೂ ಒಂದು ಬಗೆಯಲ್ಲಿ ಅದೇ ಬಸ್ಸು ಎಂದು ನನಗನ್ನಿಸಿದೆ.

ಇದು ಪರದೆಯ ಸೀಮೆಯ ಮಾತು, ಮುಂದುವರಿದ ನಾಡುಗಳಲ್ಲಿ ಹೀಗಿಲ್ಲ ಎನ್ನುವವರಿಗೆ ಒಂದು ಚಿತ್ರ. 1897ರ ಮೇ ತಿಂಗಳಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ, ಪರೀಕ್ಷೆಗಳಲ್ಲಿ ತೇರ್ಗಡೆಯಾಗುತ್ತಿದ್ದ ಹೆಂಗಸರಿಗೆ ಪದವಿ ಕೊಡಬಹುದೆ ಎಂಬ ಪ್ರಶ್ನೆ ಮತಕ್ಕೆ ಬಂತು. ಸೆನೆಟ್ ಭವನದ ಎದುರಿನ ಬೀದಿಯ ಮೇಲೆ ವಿದ್ಯಾರ್ಥಿಗಳು ಸೈಕಲ್ ಏರಿದ ಹೆಣ್ಣಿನ ಒಂದು ಗೊಂಬೆಯನ್ನು ನೇತುಹಾಕಿದರು. ಸಲಹೆ ಭಾರಿ ಬಹುಮತದಿಂದ ಬಿದ್ದಿತು. ಗೊಂಬೆಯನ್ನು ಹರಿದು ಹಾಕಿ ಸಂಭ್ರಮಿಸಿದರು. ಆಕ್ಸ್‌ಫರ್ಡ್ 1920ರಲ್ಲಿ ಹೆಂಗಸರಿಗೆ ಪದವಿ ಕೊಟ್ಟಿತು, ಕೇಂಬ್ರಿಜ್ ಕೊಟ್ಟದ್ದು 1948ರಲ್ಲಿ. ಅದಕ್ಕಿಂತ 65 ವರ್ಷ ಹಿಂದೆ, 1883ರಲ್ಲಿಯೇ, ಕಲ್ಕತ್ತಾ ವಿಶ್ವವಿದ್ಯಾನಿಲಯದಿಂದ ಕಾದಂಬಿನಿ ಬಸು ಮತ್ತು ಚಂದ್ರಮುಖಿ ಬಸು ಬಿ.ಎ. ಪಡೆದಿದ್ದರು. ಇನ್ನೂ ಹತ್ತಿರದ ಕಾಲಕ್ಕೆ ಬಂದರೆ, 2018ರಲ್ಲಿ ಟೋಕಿಯೋ ನಗರದ ಒಂದು ವೈದ್ಯಕೀಯ ವಿಶ್ವವಿದ್ಯಾನಿಲಯ ಪ್ರವೇಶ ಪರೀಕ್ಷೆಯಲ್ಲಿ ಹುಡುಗಿಯರ ಅಂಕಗಳನ್ನು ವರ್ಷಗಟ್ಟಲೆ ಗುಟ್ಟಾಗಿ ತಗ್ಗಿಸುತ್ತಿದ್ದುದು ಬಯಲಾಯಿತು. ಹೆಂಗಸರು ಮದುವೆಯಾಗಿ ಮಕ್ಕಳಾದರೆ ಕೆಲಸ ಬಿಡುತ್ತಾರೆಂಬುದು ಅದರ ಹಿಂದಿದ್ದ ತರ್ಕ.

ಕೇಂಬ್ರಿಜ್ಜಿನ ಹುಡುಗರು ಸೈಕಲ್ಲನ್ನೇ ಆರಿಸಿಕೊಂಡದ್ದು ಸುಮ್ಮನೆ ಅಲ್ಲ. ತಾನಾಗಿ ಹೋಗಿ ತಾನಾಗಿ ಬರಬಲ್ಲ ಹೆಣ್ಣು ಎಂಬುದೇ ಅವರಿಗೆ ಅಸಹನೀಯವಾದ ಚಿತ್ರ. ಅದೇ ಸೈಕಲ್ಲು ನೂರು ವರ್ಷಗಳ ಮೇಲೆ ಬಿಹಾರದ ಹಳ್ಳಿಗಳಲ್ಲಿ ಕಾಣಿಸಿಕೊಂಡಿತು. 2006ರಲ್ಲಿ ಅಲ್ಲಿನ ಸರ್ಕಾರ ಒಂಬತ್ತನೆಯ ತರಗತಿ ಸೇರುವ ಹುಡುಗಿಯರಿಗೆ ಸೈಕಲ್ ಕೊಳ್ಳಲು ಹಣ ಕೊಡುವ ಯೋಜನೆ ತಂದಿತು. ಅದರ ಫಲವನ್ನು ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ನೆರೆಯ ಝಾರ್ಖಂಡದೊಡನೆ ಹೋಲಿಸಿ ಪರಿಶೀಲಿಸಿದರು. ಆ ಮಟ್ಟದ ತರಗತಿಗೆ ಸೇರುವ ಹುಡುಗಿಯರ ಪ್ರಮಾಣ ಶೇಕಡಾ 32ರಷ್ಟು ಏರಿತ್ತು; ಹುಡುಗ ಹುಡುಗಿಯರ ನಡುವಣ ಅಂತರ ಶೇಕಡಾ 40ರಷ್ಟು ತಗ್ಗಿತ್ತು. ನನ್ನ ಮನಸ್ಸನ್ನು ಹಿಡಿದದ್ದು ಇನ್ನೊಂದು ಅಂಶ: ಈ ಏರಿಕೆ ಮುಖ್ಯವಾಗಿ ಕಂಡುಬಂದದ್ದು ಹೈಸ್ಕೂಲು ಮೂರು ಕಿಲೋಮೀಟರಿಗಿಂತ ದೂರವಿದ್ದ ಹಳ್ಳಿಗಳಲ್ಲಿ. ಹತ್ತಿರವಿದ್ದ ಕಡೆ ಹುಡುಗಿಯರು ನಡೆದೇ ಹೋಗುತ್ತಿದ್ದರು. ದೂರವಿದ್ದ ಕಡೆ ಅವರನ್ನು ತಡೆದದ್ದು ತಂದೆತಾಯಿಗಳ ಅಜ್ಞಾನ ಎಂದು ನಾವೆಲ್ಲ ಹೇಳುತ್ತ ಬಂದಿದ್ದೆವು, ತಡೆದದ್ದು ದೂರ. ಹತ್ತು ಹುಡುಗಿಯರು ಸಾಲಾಗಿ ಸೈಕಲ್ ತುಳಿದುಕೊಂಡು ಹೊರಟರೆ ಜೊತೆಗೆ ಯಾರು ಎಂಬ ಪ್ರಶ್ನೆಗೂ ಅದರಲ್ಲಿಯೇ ಉತ್ತರವಿತ್ತು. ನಮ್ಮ ರಾಜ್ಯದಲ್ಲಿಯೂ 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಹಂಚುವ ಕೆಲಸ ಆರಂಭವಾಯಿತೆಂಬುದು ನಿಮಗೆ ನೆನಪಿರಬಹುದು.

ರೊಕೆಯಾ ಹುಟ್ಟಿದ ಸೀಮೆ ಇಂದು ಬಾಂಗ್ಲಾದೇಶದಲ್ಲಿದೆ. ಅಲ್ಲಿಯವರು ಬೇರೊಂದು ದಾರಿ ಹಿಡಿದರು. 1982ರಲ್ಲಿ ಸಣ್ಣ ಪ್ರಮಾಣದಲ್ಲಿ ಆರಂಭಿಸಿ, 1994ರಿಂದ ದೇಶದ ಗ್ರಾಮಾಂತರ ಪ್ರದೇಶಗಳಿಗೆಲ್ಲ ವಿಸ್ತರಿಸಿ, ಆರರಿಂದ ಹತ್ತನೆಯ ತರಗತಿಯವರೆಗಿನ ಹುಡುಗಿಯರಿಗೆ ವಿದ್ಯಾರ್ಥಿವೇತನ ಕೊಟ್ಟರು. ಷರತ್ತುಗಳು ಮೂರು: ಶೇಕಡಾ 75ರಷ್ಟು ಹಾಜರಿ, ಶೇಕಡಾ 45ರಷ್ಟು ಅಂಕ, ಮತ್ತು ಓದು ಮುಗಿಯುವವರೆಗೆ ಮದುವೆಯಾಗಬಾರದು. ಹಣ ಹುಡುಗಿಯ ಹೆಸರಿನ ಬ್ಯಾಂಕ್ ಖಾತೆಗೇ ಹೋಗುತ್ತಿತ್ತು. ಹದಿಮೂರು ವರ್ಷದ ಹುಡುಗಿಯೊಬ್ಬಳು ಬ್ಯಾಂಕಿನಲ್ಲಿ ತನ್ನ ಹೆಸರು ಬರೆದು ಸಹಿ ಮಾಡುವುದನ್ನು ಕಲ್ಪಿಸಿಕೊಳ್ಳಿ. ಕೆಲವೇ ವರ್ಷಗಳಲ್ಲಿ ಅಲ್ಲಿನ ಮಾಧ್ಯಮಿಕ ಶಾಲೆಗಳಲ್ಲಿ ಹುಡುಗಿಯರ ಸಂಖ್ಯೆ ಹುಡುಗರನ್ನು ಮೀರಿತು. ಇಷ್ಟು ಹೇಳಿ ನಿಲ್ಲಿಸಿದರೆ ಕಥೆ ಚೆನ್ನಾಗಿರುತ್ತದೆ, ಪೂರ್ತಿ ಸತ್ಯವಾಗಿರುವುದಿಲ್ಲ. 2019ರ ಸಮೀಕ್ಷೆಯಲ್ಲಿಯೂ ಆ ದೇಶದ 20ರಿಂದ 24ರ ವಯಸ್ಸಿನ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿ 18 ತುಂಬುವ ಮೊದಲೇ ಮದುವೆಯಾದವರು. ಶಾಲೆಗೆ ಸೇರಿಸುವ ವಿದ್ಯೆ ಅವರಿಗೆ ಸಿದ್ಧಿಸಿತು. ಕೊನೆಯ ಪರೀಕ್ಷೆಯವರೆಗೆ ಉಳಿಸಿಕೊಳ್ಳುವುದು ಇನ್ನೂ ಕಷ್ಟದ ಕೆಲಸವಾಗಿಯೇ ಉಳಿಯಿತು.

ಆಫ್ರಿಕದ ಕಡೆಗೆ ತಿರುಗಿದರೆ ಹೇಳಬೇಕಾದದ್ದು ಬಹಳ, ಸಮಯ ಕಡಿಮೆ. ನೀರು ಸೌದೆ ತರುವ ಕೆಲಸ, ಶಾಲೆಯಲ್ಲಿ ಬಾಗಿಲಿರುವ ಶೌಚಾಲಯವಿಲ್ಲದ್ದು, ಶುಲ್ಕ ಒಬ್ಬರಿಗೆ ಮಾತ್ರ ಸಾಲುವಾಗ ಮಗನನ್ನು ಕಳಿಸುವುದು, ಇವೆಲ್ಲ ನಮಗೆ ಪರಿಚಿತವಾದವೇ. ಅಪರಿಚಿತವಾದದ್ದು ಒಂದನ್ನು ಹೇಳುತ್ತೇನೆ. ಟಾಂಜಾನಿಯದಲ್ಲಿ ಬಸುರಾದ ಹುಡುಗಿಯನ್ನು ಶಾಲೆಯಿಂದ ಹೊರಹಾಕುತ್ತಿದ್ದರು. ಹೆತ್ತ ಮೇಲೂ ಮರಳಿ ಸೇರಿಸಿಕೊಳ್ಳುವಂತಿಲ್ಲವೆಂದು 2017ರಲ್ಲಿ ಅಧ್ಯಕ್ಷರೇ ಸಾರ್ವಜನಿಕವಾಗಿ ಸಾರಿದರು. ಅವರ ತರುವಾಯ ಒಬ್ಬ ಮಹಿಳೆ ಅಧ್ಯಕ್ಷರಾದ ವರ್ಷವೇ, 2021ರ ನವೆಂಬರಿನಲ್ಲಿ, ಆ ತಡೆ ಹೋಯಿತು. ಸಿಯೆರಾ ಲಿಯೋನ್ ದೇಶದಲ್ಲಿದ್ದ ಇಂಥದೇ ನಿಷೇಧ 2020ರಲ್ಲಿ ರದ್ದಾಯಿತು.

ಇನ್ನು ಆಜ್ಞೆಯೇ ಅಡ್ಡಿಯಾಗಿರುವ ದೇಶ. ಆಫ್ಘಾನಿಸ್ತಾನದಲ್ಲಿ 2021ರ ಆಗಸ್ಟಿನಲ್ಲಿ ತಾಲಿಬಾನರು ಮರಳಿ ಅಧಿಕಾರ ಹಿಡಿದರು. ಮರುತಿಂಗಳು ಮಾಧ್ಯಮಿಕ ಶಾಲೆಗಳು ಹುಡುಗರಿಗೆ ಮಾತ್ರ ತೆರೆದವು. 2022ರ ಮಾರ್ಚ್ 23ರಂದು ಹುಡುಗಿಯರಿಗೂ ಶಾಲೆ ಎಂಬ ಮಾತನ್ನು ನಂಬಿ ಮಕ್ಕಳು ಪುಸ್ತಕ ಹಿಡಿದು ಬಂದರು; ಕೆಲವೇ ಗಂಟೆಗಳಲ್ಲಿ ಅವರನ್ನು ಅಳಿಸಿ ಮನೆಗೆ ಕಳಿಸಿದರು. ಅದೇ ವರ್ಷ ಡಿಸೆಂಬರಿನಲ್ಲಿ ವಿಶ್ವವಿದ್ಯಾನಿಲಯಗಳೂ, 2024ರ ಡಿಸೆಂಬರಿನಲ್ಲಿ ದಾದಿಯರ ಹಾಗೂ ಸೂಲಗಿತ್ತಿಯರ ತರಬೇತಿಯೂ ಹೆಣ್ಣುಮಕ್ಕಳಿಗೆ ಮುಚ್ಚಿದವು. ಪರಪುರುಷ ವೈದ್ಯ ಹೆಂಗಸನ್ನು ಮುಟ್ಟಬಾರದೆನ್ನುವ ಕಡೆಯಲ್ಲಿ ಮುಂದಿನ ತಲೆಮಾರಿನ ಹೆರಿಗೆ ಮಾಡಿಸುವವರು ಯಾರು ಎಂಬುದನ್ನು ಆಜ್ಞೆ ಹೊರಡಿಸಿದವರು ಯೋಚಿಸಿದಂತಿಲ್ಲ.

ಇದೇ ಜನ 1996ರಿಂದ 2001ರವರೆಗೆ ಆಳಿದಾಗ ಹೆರಾತ್ ನಗರದಲ್ಲಿ ಒಂದು ಹೊಲಿಗೆ ಶಾಲೆ ಇತ್ತು. ಹೆಸರು ಚಿನ್ನದ ಸೂಜಿ. ಬುರ್ಖಾ ತೊಟ್ಟ ಹೆಂಗಸರು ವಾರಕ್ಕೆ ಕೆಲವು ದಿನ ಹೊಲಿಗೆಯ ಚೀಲ ಹಿಡಿದು ಅಲ್ಲಿಗೆ ಹೋಗುತ್ತಿದ್ದರು. ಚೀಲದಲ್ಲಿ ಬಟ್ಟೆಯ ಕೆಳಗೆ ನೋಟುಪುಸ್ತಕ, ಪೆನ್ನು. ಒಳಗೆ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರೊಬ್ಬರು ಸಾಹಿತ್ಯ ಪಾಠ ಹೇಳುತ್ತಿದ್ದರು. ಹೊರಗೆ ಆಡುತ್ತಿದ್ದ ಮಕ್ಕಳು ಕಾವಲು; ಅಪಾಯ ಕಂಡರೆ ಒಳಗೆ ಸುದ್ದಿ, ಪುಸ್ತಕ ಮಾಯ, ಸೂಜಿ ಕೈಗೆ. ಕ್ರಿಸ್ಟಿನಾ ಲ್ಯಾಂಬ್ ಎಂಬ ಪತ್ರಕರ್ತೆ ಇದನ್ನು ಲೋಕಕ್ಕೆ ತಿಳಿಸಿದರು. ಛಂದಸ್ಸಿನ ಪಾಠಕ್ಕೆ ಹಾಜರಿ ತುಂಬಿಸಲು ವರ್ಷಗಟ್ಟಲೆ ಹೆಣಗಿದ ನನಗೆ ಅದನ್ನು ಓದಿದ ದಿನ ನಿದ್ರೆ ಬರಲಿಲ್ಲ. ಆ ಗುಂಪಿನಲ್ಲಿ ನಾದಿಯಾ ಅಂಜುಮನ್ ಎಂಬ ಹುಡುಗಿ ಇದ್ದಳು. ತಾಲಿಬಾನರು ಹೋದ ಮೇಲೆ ವಿಶ್ವವಿದ್ಯಾನಿಲಯ ಸೇರಿದಳು, ಕವನ ಸಂಕಲನ ಪ್ರಕಟಿಸಿದಳು. 2005ರ ನವೆಂಬರಿನಲ್ಲಿ, ಇಪ್ಪತ್ತೈದು ತುಂಬುವ ಮೊದಲೇ, ಗಂಡನಿಂದ ಪೆಟ್ಟು ತಿಂದ ರಾತ್ರಿ ತೀರಿಕೊಂಡಳು. ಆಗ ದೇಶದಲ್ಲಿ ಹೆಣ್ಣಿನ ಓದಿಗೆ ಯಾವ ನಿಷೇಧವೂ ಇರಲಿಲ್ಲ.

ಈ ಭಾಷಣವನ್ನು ಬರೆದು ಮುಗಿಸಿ, ಅಭ್ಯಾಸದಂತೆ ಮೊದಲು ತಂಗಿಗೆ ಫೋನಿನಲ್ಲಿ ಓದಿ ಹೇಳಿದೆ. ನನ್ನ ಬರಹವನ್ನೆಲ್ಲ ಅವಳು ಓದುತ್ತಾಳೆ. ತಪ್ಪುಗಳನ್ನೂ ಎತ್ತಿ ಹೇಳುತ್ತಾಳೆ. ಮೊಣಕಾಲಿನ ಮಾತು ಬಂದಾಗ ಸುಮ್ಮನೆ ಕೇಳಿಕೊಂಡಳು. ಬಿಹಾರದ ಸೈಕಲ್ಲಿನ ಪ್ರಸ್ತಾಪ ಮುಗಿದ ಮೇಲೆ ನನ್ನನ್ನು ನಿಲ್ಲಿಸಿದಳು.

“ಅಕ್ಕಾ, ಅತ್ತೆಯ ಕಾಲಿನ ಮೇಲೆ ಹಾಕಬೇಡ. ಆ ವರ್ಷವೇ ಅಪ್ಪ ತಮ್ಮನಿಗೆ ಸೈಕಲ್ ತಂದುಕೊಟ್ಟದ್ದು ನಿಂಗೆ ಮರೆತೇ ಹೋಯ್ತಾ? ಹಿಂದೆ ಕ್ಯಾರಿಯರ್ ಇತ್ತು. ನಾನು ಅದರ ಮೇಲೆ ಕೂತು ಹೋಗಬಹುದಿತ್ತು. ಸಂಕದ ಹತ್ತಿರ ಇಳಿದು ದಾಟಿದರಾಗಿತ್ತು. ಒಂದು ದಿನ ಅಪ್ಪನ ಹತ್ತಿರ ಕೇಳಿಯೂ ಕೇಳಿದ್ದೆ.”

ಅಪ್ಪ ಏನೆಂದರು ಎಂದು ಕೇಳಿದೆ.

“ಏನೂ ಹೇಳ್ಲಿಲ್ಲ. ಎದ್ದು ತೋಟಕ್ಕೆ ಹೋದರು.”

ಆ ಸೈಕಲ್ಲನ್ನು ನಾನು ನೋಡಿದ್ದೆ. ರಜೆಗೆ ಊರಿಗೆ ಹೋದಾಗ ಜಗಲಿಯ ಕಂಬಕ್ಕೆ ಒರಗಿಸಿಟ್ಟಿದ್ದರು. ಹೊಸ ಸೀಟಿನ ಮೇಲೆ ಕೈಯಾಡಿಸಿದ್ದೂ ನೆನಪಿದೆ. ಆದರೂ ಇಷ್ಟು ವರ್ಷ, ಇಷ್ಟು ಸಭೆಗಳಲ್ಲಿ, ನಾನು ಹೇಳುತ್ತ ಬಂದ ಕಥೆಯಲ್ಲಿ ಅದು ಒಮ್ಮೆಯೂ ಬಂದಿರಲಿಲ್ಲ. ಬರೆದದ್ದನ್ನು ತಿದ್ದಲೆ ಎಂದು ಅವಳನ್ನೇ ಕೇಳಿದೆ. “ಹಾಗೇ ಇರಲಿ ಬಿಡು, ಕೊನೆಯಲ್ಲಿ ಇದನ್ನೂ ಸೇರಿಸು” ಎಂದಳು.